ಲಿರಿಕ್ ಸ್ವೀಟ್ (ಆಲ್ಬನ್ ಬರ್ಗ್)

ಆಸ್ಟ್ರಿಯದ ಸಂಗೀತ ರಚನಕಾರ ಆಲ್ಬನ್ ಬರ್ಗ್ (1885–1935) ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊಗಳಿಗಾಗಿ 1925–26ರಲ್ಲಿ ರಚಿಸಿದ ಆರು ಭಾಗಗಳ ಕೃತಿ. ಕೋಲಿಷ್ ತಂಡ 1927ರ ಜನವರಿ 8ರಂದು ವಿಯೆನ್ನಾದಲ್ಲಿ ಇದನ್ನು ಮೊದಲು ನುಡಿಸಿತು. ಗುರು ಆರ್ನಾಲ್ಡ್ ಷೋನ್‌ಬರ್ಗ್ ರೂಪಿಸಿದ ಹನ್ನೆರಡು ಸ್ವರಗಳ ಪದ್ಧತಿಯನ್ನು ಬರ್ಗ್ ಹೇಗೆ ಒಗ್ಗಿಸಿಕೊಂಡ ಎನ್ನುವುದಕ್ಕೆ ಸಂಗೀತ ಶಾಲೆಗಳು ಐವತ್ತು ವರ್ಷ ಈ ಕೃತಿಯನ್ನೇ ಮಾದರಿಯಾಗಿ ತೋರಿಸುತ್ತಿದ್ದವು. ಇದು ಬೇರೊಬ್ಬನ ಹೆಂಡತಿಗೆ ಬರೆದ ಪ್ರೇಮಪತ್ರವೂ ಹೌದೆಂಬುದು ಬಯಲಾದದ್ದು 1977ರಲ್ಲಿ.

ಆಕೆಯ ಹೆಸರು ಹಾನಾ ಫುಕ್ಸ್-ರೋಬೆಟಿನ್. ಪ್ರಾಗ್ ನಗರದ ಕಾಗದ ಉದ್ಯಮಿಯೊಬ್ಬನ ಮಡದಿ, ಕಾದಂಬರಿಕಾರ ಫ್ರಾನ್ಸ್ ವೆರ್ಫೆಲ್‌ನ ತಂಗಿ, ಇಬ್ಬರು ಚಿಕ್ಕ ಮಕ್ಕಳ ತಾಯಿ. ತನ್ನ 'ವೊಟ್ಸೆಕ್' ಅಪೆರಾದ ಕೆಲವು ತುಣುಕುಗಳ ಪ್ರದರ್ಶನಕ್ಕೆಂದು 1925ರ ಮೇ ತಿಂಗಳಲ್ಲಿ ಪ್ರಾಗ್‌ಗೆ ಬಂದ ಬರ್ಗ್ ಈ ದಂಪತಿಗಳ ಮನೆಯಲ್ಲೇ ಉಳಿದುಕೊಂಡ. ಆಗ ಆತನಿಗೆ ನಲವತ್ತು. ಹೆಲೆನಾಳನ್ನು ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ವಿಯೆನ್ನಾದ ಕಣ್ಣಿಗೆ ಅವರದು ಆದರ್ಶ ದಾಂಪತ್ಯ. ಆ ಭೇಟಿಯ ನಂತರ ಬರ್ಗ್ ಹಾನಾಳಿಗೆ ಬರೆದ ಪತ್ರಗಳಲ್ಲಿ ಹದಿನಾಲ್ಕು ಉಳಿದಿವೆ. ಅವನ್ನು ಅಂಚೆಗೆ ಹಾಕುವ ಧೈರ್ಯ ಆತನಿಗೆ ಇರಲಿಲ್ಲ. ಗುಸ್ತಾವ್ ಮಾಲರ್‌ನ ವಿಧವೆ ಆಲ್ಮಾ, ಆಗ ಬರ್ಗ್‌ನ ಶಿಷ್ಯನಾಗಿದ್ದು ಮುಂದೆ ತತ್ತ್ವಜ್ಞಾನಿಯಾಗಿ ಹೆಸರಾದ ಥಿಯೊಡೋರ್ ಅಡೋರ್ನೊ ಮುಂತಾದವರು ಓಲೆಕಾರರಾದರು.

ಸಂಗೀತಗಾರರ ಪ್ರಣಯದ ಗುಸುಗುಸುಗಳಲ್ಲಿ ಬಹುಪಾಲು ಸಂಗೀತದ ಹೊರಗೇ ಉಳಿಯುವ ಮಾತು. ಅವು ತಿಳಿದರೂ ತಿಳಿಯದಿದ್ದರೂ ಕೃತಿಯ ಒಂದು ಸ್ವರವೂ ಬದಲಾಗುವುದಿಲ್ಲ. ಇಲ್ಲಿ ಹಾಗಲ್ಲ, ಗುಟ್ಟು ಸ್ವರಗಳ ಒಳಗೇ ಕೂತಿದೆ. ಜರ್ಮನ್ ಪದ್ಧತಿಯಲ್ಲಿ ಸ್ವರಗಳಿಗೆ ಅಕ್ಷರದ ಹೆಸರುಗಳಿವೆ. ಆಲ್ಬನ್ ಬರ್ಗ್‌ನ ಮೊದಲಕ್ಷರಗಳು ಎ ಮತ್ತು ಬಿ, ಹಾನಾ ಫುಕ್ಸ್‌ಳವು ಎಚ್ ಮತ್ತು ಎಫ್. ನಾಲ್ಕೂ ಸ್ವರಗಳೇ! ಮೂರನೆಯ ಭಾಗ ತಂತಿಗಳಿಗೆ ಸದ್ದಡಗಿಸುವ ತಡೆ ಹಾಕಿಸಿ, ಈ ನಾಲ್ಕು ಸ್ವರಗಳನ್ನು ಬಿಡದೆ ಹೆಣೆಯುತ್ತ ಪಿಸುಗುಡುತ್ತದೆ.

ಲೆಕ್ಕಾಚಾರ ಇನ್ನೂ ವಿಚಿತ್ರ. ಬರ್ಗ್ 23 ತನ್ನ ಸಂಖ್ಯೆಯೆಂದು ನಂಬಿದ್ದ, ಹಾನಾಳಿಗೆ 10 ಕೊಟ್ಟ. ಸ್ವರಲಿಪಿಯಲ್ಲಿ ಗೆರೆ ಎಳೆದು ವಿಂಗಡಿಸುವ ತಾಳದ ಮನೆಗಳನ್ನು ಎಣಿಸಿದರೆ ಮೊದಲ ಭಾಗದಲ್ಲಿ 69, ಮೂರನೆಯದರಲ್ಲಿ 138, ನಾಲ್ಕನೆಯದರಲ್ಲಿ ಮತ್ತೆ 69, ಆರನೆಯದರಲ್ಲಿ 46. ಎಲ್ಲವೂ 23ರ ಗುಣಕಗಳು. ಹಾನಾ ಮತ್ತು ಮಕ್ಕಳಿಗೆ ಮೀಸಲಾದ ಎರಡನೆಯ ಭಾಗದಲ್ಲಿ 150. ಐದನೆಯದರಲ್ಲಿ 460, ಅಂದರೆ ಇಬ್ಬರ ಸಂಖ್ಯೆಗಳನ್ನೂ ಗುಣಿಸಿ ಇಮ್ಮಡಿಸಿದ ಮೊತ್ತ. ಕಾಲಪ್ರಮಾಣದ ಸೂಚನೆಗಳನ್ನೂ ಆತ ಇದೇ ಸಂಖ್ಯೆಗಳಿಂದ ಕಟ್ಟಿದ. ಹಾನಾಳ ಮಗಳನ್ನು ಮನೆಯಲ್ಲಿ ಡೋಡೋ ಎಂದು ಕರೆಯುತ್ತಿದ್ದರು. ಪಾಶ್ಚಾತ್ಯರ 'ದೋ' ನಮ್ಮ ಷಡ್ಜದ ಜಾಗದಲ್ಲಿ ನಿಲ್ಲುವ ಸ್ವರವಾದ್ದರಿಂದ, ಎರಡನೆಯ ಭಾಗದಲ್ಲಿ ಆ ಸ್ವರವನ್ನು ಜೋಡಿ ಜೋಡಿಯಾಗಿ ಮಿಡಿಸಿ ಮಗುವನ್ನು ಹೆಸರು ಹಿಡಿದು ಕರೆದಿದ್ದಾನೆ.

ಮುದ್ರಿತ ಕೃತಿಯನ್ನು ಅರ್ಪಿಸಿದ್ದು ರಚನಕಾರ ಅಲೆಕ್ಸಾಂಡರ್ ಜೆಮ್ಲಿನ್‌ಸ್ಕಿಗೆ. ಅರ್ಪಣೆ ಒಳ್ಳೆಯ ಮರೆಯಾಯಿತು. ನಾಲ್ಕನೆಯ ಭಾಗದಲ್ಲಿ ಜೆಮ್ಲಿನ್‌ಸ್ಕಿಯ 'ಲಿರಿಕ್ ಸಿಂಫನಿ'ಯಿಂದ ಎತ್ತಿಕೊಂಡ ಧಾಟಿಯೊಂದಿದೆ. ಕೇಳಿದವರು ಅದನ್ನು ಗೆಳೆಯನಿಗೆ ಸಲ್ಲಿಸಿದ ಗೌರವವೆಂದುಕೊಂಡರು. ಆ ಸಿಂಫನಿಯ ಸಾಹಿತ್ಯ ರವೀಂದ್ರನಾಥ ಠಾಕೂರರ 'ದಿ ಗಾರ್ಡನರ್' ಕವನಗಳ ಜರ್ಮನ್ ಅನುವಾದ. ಬರ್ಗ್ ಆರಿಸಿದ್ದು ಪ್ರಿಯೆಯನ್ನು ನೀನು ನನ್ನವಳು ಎಂದು ಕರೆಯುವ ಜಾಗದ ಧಾಟಿ.

ಕೊನೆಯ ಭಾಗದಲ್ಲಿ ಹಾಡುಗಾರರಿಲ್ಲದ ಒಂದು ಹಾಡೇ ಅಡಗಿದೆ. ಪಿ. ಲಂಕೇಶರು 'ಪಾಪದ ಹೂಗಳು' ಹೆಸರಿನಲ್ಲಿ ಕನ್ನಡಕ್ಕೆ ಪರಿಚಯಿಸಿದ ಬೋದಿಲೇರನ ಸಂಕಲನದಲ್ಲಿ, ಪಾತಾಳದಿಂದ ಮೊರೆಯಿಡುವ ಕವನವೊಂದಿದೆ. ಸ್ಟೆಫಾನ್ ಗೆಯೋರ್ಗೆ ಮಾಡಿದ ಅದರ ಜರ್ಮನ್ ಅನುವಾದಕ್ಕೆ ಬರ್ಗ್ ಒಂದೊಂದು ಪದಕ್ಕೂ ಸ್ವರ ಕೂಡಿಸಿ, ಮುದ್ರಣಕ್ಕೆ ಕೊಡುವಾಗ ಪದಗಳನ್ನು ತೆಗೆದುಬಿಟ್ಟ. ವಾದ್ಯಗಳು ಒಂದೊಂದಾಗಿ ನಿಲ್ಲುತ್ತವೆ. ಕೊನೆಗೆ ವಿಯೋಲ ಒಂದೇ ಎರಡು ಸ್ವರಗಳ ನಡುವೆ ಹೊಯ್ದಾಡುತ್ತ ಕ್ಷೀಣಿಸುತ್ತದೆ.

ಈ ಅಡಗಿದ ಸಾಹಿತ್ಯವನ್ನು ಹಸ್ತಪ್ರತಿಯಲ್ಲಿ ಗುರುತಿಸಿದವನು ಅಮೆರಿಕದ ವಿದ್ವಾಂಸ ಡಗ್ಲಸ್ ಗ್ರೀನ್. ಮರುವರ್ಷವೇ, ಅಂದರೆ 1977ರಲ್ಲಿ, ಇನ್ನೊಬ್ಬ ಅಮೆರಿಕನ್ ಜಾರ್ಜ್ ಪರ್ಲ್ ಹಾನಾಳ ಮಗಳ ಬಳಿ ಮುದ್ರಿತ ಸ್ವರಲಿಪಿಯ ಒಂದು ಪ್ರತಿಯನ್ನು ಕಂಡ. ಬರ್ಗ್ ಅದರ ಪುಟಪುಟದಲ್ಲೂ ಕೆಂಪು, ನೀಲಿ, ಹಸಿರು ಶಾಯಿಗಳಿಂದ ಅರ್ಥ ಬಿಡಿಸಿ ಹಾನಾಳಿಗೆ ಕೊಟ್ಟಿದ್ದ. ಮೊದಲಕ್ಷರದ ಸ್ವರಗಳಿಗೆ ಗುರುತು, ಮೂರನೆಯ ಭಾಗದ ನೆತ್ತಿಯ ಮೇಲೆ 20.5.25 ಎಂಬ ತಾರೀಕು, ಕೊನೆಯ ಭಾಗದ ಸ್ವರಗಳಿಗೆ ಹೊಂದಿಸಿದ ಕವನದ ಪದಗಳು, ಎಲ್ಲವೂ ಅದರಲ್ಲಿದ್ದವು. ಹಾನಾ 1964ರಲ್ಲೇ ತೀರಿಕೊಂಡಿದ್ದಳು. ಗಂಡನ ನೆನಪನ್ನು ನಲವತ್ತು ವರ್ಷ ಕಾಪಾಡಿಕೊಂಡು ಬಂದು, ಆತ ಪೂರ್ಣಗೊಳಿಸದೆ ಬಿಟ್ಟ 'ಲುಲು' ಅಪೆರಾದ ಮೂರನೆಯ ಅಂಕವನ್ನು ಯಾರ ಕೈಗೂ ಕೊಡದಿದ್ದ ಹೆಲೆನಾ ಕಣ್ಮುಚ್ಚಿದ್ದು 1976ರಲ್ಲಿ.

ಇದು ಎಷ್ಟರಮಟ್ಟಿಗೆ ಪ್ರೇಮ, ಎಷ್ಟರಮಟ್ಟಿಗೆ ಪ್ರೇಮದ ನೆಪ? ಬರ್ಗ್ ಹಾನಾಳನ್ನು ಪ್ರೀತಿಸಿದ್ದರಿಂದ ಈ ಕೃತಿ ಹುಟ್ಟಲಿಲ್ಲ, ಈ ಕೃತಿ ಬರೆಯುವುದಕ್ಕಾಗಿ ಆತ ಆಕೆಯನ್ನು ಪ್ರೀತಿಸಿದ ಎಂಬರ್ಥದಲ್ಲಿ ಅಡೋರ್ನೊ ಹೆಲೆನಾಳಿಗೆ ಬರೆದ. ವಿಧವೆಗೆ ಹೇಳಿದ ಸಮಾಧಾನದ ಮಾತಾದರೂ ಅದರಲ್ಲಿ ಹುರುಳಿದೆ. ಮನೆ ಬಿಡುವ ಹೆಜ್ಜೆಯನ್ನು ಬರ್ಗ್ ಎಂದೂ ಇಡಲಿಲ್ಲ, ವಿರಹವನ್ನು ಮಾತ್ರ ಮನೆಮನೆ ಎಣಿಸಿ ಬರೆದಿಟ್ಟ.

ಕೊನೆಯ ಭಾಗವನ್ನು ಈಗ ಕವನದೊಂದಿಗೆ ಹಾಡಿಯೂ ನುಡಿಸುತ್ತಾರೆ. ಕ್ರೋನೋಸ್ ಕ್ವಾರ್ಟೆಟ್ ಗಾಯಕಿ ಡಾನ್ ಅಪ್‌ಷಾ ಜೊತೆ ಮಾಡಿದ ಧ್ವನಿಮುದ್ರಣ 2003ರಲ್ಲಿ ಹೊರಬಂತು. ಹೊಸದಾಗಿ ಕೇಳುವವರು ದನಿಯಿಲ್ಲದ ಪಾಠವನ್ನೇ ಮೊದಲು ಕೇಳುವುದು ಒಳಿತು. ಬರ್ಗ್ ಲೋಕದ ಕೈಗೆ ಕೊಟ್ಟದ್ದು ಅದನ್ನೇ.