ವೆಬ್‌ಸೈಟನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ ಚಿತ್ರಗಳು ಮಾಯವಾಗುವುದೇಕೆ?

ಮನೆಯ ಲ್ಯಾಪ್‌ಟಾಪಿನಲ್ಲಿ ವೆಬ್‌ಸೈಟ್ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಲ್ಯಾಬಿನಲ್ಲಿ ತೆರೆದರೆ ಬರಹವೆಲ್ಲ ಇದೆ, ಚಿತ್ರಗಳ ಜಾಗದಲ್ಲಿ ಮಾತ್ರ ಹರಿದ ಕಾಗದದಂಥ ಪುಟ್ಟ ಗುರುತು. ಎಂ.ಎ. ಓದುವಾಗ ನಮ್ಮ ತಂಡಕ್ಕೂ ಹೀಗಾಗಿತ್ತು, ಅದೂ ಮೌಲ್ಯಮಾಪನದ ದಿನ. ವೈರಸ್ ಬಂದಿದೆ ಎಂದರು ಒಬ್ಬರು, ಫೋಟೋಗಳೇ ಕೆಟ್ಟಿವೆ ಎಂದರು ಇನ್ನೊಬ್ಬರು. ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುವವರೆಗೂ ಮಾತು ಹೋಯಿತು. ಕೊನೆಯ ತಿದ್ದುಪಡಿಗಳು ಇದ್ದದ್ದು ಅದರಲ್ಲಿ ಮಾತ್ರ! ಅಸಲಿಗೆ ಫೋಟೋಗಳು ಫೋಲ್ಡರಿನೊಳಗೆ ಭದ್ರವಾಗಿದ್ದವು. ತಪ್ಪಿದ್ದು ವಿಳಾಸ.

ವರ್ಡ್ ಕಡತಕ್ಕೆ ಫೋಟೋ ಸೇರಿಸಿದರೆ ಸಾಮಾನ್ಯವಾಗಿ ಅದು ಕಡತದ ಭಾಗವೇ ಆಗುತ್ತದೆ. ವೆಬ್ ಪುಟ ಹಾಗಲ್ಲ. ಎಚ್‌ಟಿಎಂಎಲ್ ಕಡತದೊಳಗೆ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ಸೂಚನೆ ಮಾತ್ರ ಇರುತ್ತದೆ. ಮೊಸಾಯಿಕ್ ಬ್ರೌಸರ್ ರೂಪಿಸುತ್ತಿದ್ದ ಮಾರ್ಕ್ ಆಂಡ್ರೀಸೆನ್ 1993ರ ಫೆಬ್ರವರಿಯಲ್ಲಿ ಪ್ರಸ್ತಾಪಿಸಿದ 'ಐಎಂಜಿ' ಟ್ಯಾಗ್ ಇಂದಿಗೂ ಮಾಡುವ ಕೆಲಸ ಇದೇ: ಚಿತ್ರ ಇಂಥ ಕಡೆ ಇದೆ, ತಂದು ತೋರಿಸು ಎಂದು ಬ್ರೌಸರಿಗೆ ಹೇಳುವುದು. ಆ 'ಇಂಥ ಕಡೆ'ಯೇ ಫೈಲ್ ಪಾಥ್.

'ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಡೆಸ್ಕ್‌ಟಾಪ್' ಎಂದು ಶುರುವಾಗುವ ಪೂರ್ಣ ಪಾಥ್ ನಿಮ್ಮ ಕಂಪ್ಯೂಟರಿಗಷ್ಟೇ ನಿಜ. ಲ್ಯಾಬಿನ ಯಂತ್ರದಲ್ಲಿ ನಿಮ್ಮ ಹೆಸರಿನ ಫೋಲ್ಡರೇ ಇರುವುದಿಲ್ಲ. ಪೆನ್‌ಡ್ರೈವ್ ಕೂಡ ಒಂದು ಕಡೆ 'ಇ' ಆದರೆ ಇನ್ನೊಂದು ಕಡೆ 'ಎಫ್' ಆಗಬಹುದು. ಅದರ ಬದಲು 'ಇಮೇಜಸ್/ಲೋಗೋ.ಜೆಪಿಜಿ' ಎಂಬ ಸಾಪೇಕ್ಷ ಪಾಥ್ ಬರೆದರೆ ಬ್ರೌಸರ್ ಈ ಪುಟ ಇರುವ ಜಾಗದಿಂದಲೇ ಹುಡುಕಲು ಶುರುಮಾಡುತ್ತದೆ. ಮನೆ ಬದಲಾಯಿಸಿದರೂ 'ಅಡುಗೆಮನೆಯ ಎಡಗಡೆ ಕಪಾಟು' ಎಂದರೆ ಸಾಕಾಗುವ ಹಾಗೆ. ಒಂದು ಫೋಲ್ಡರ್ ಮೇಲಕ್ಕೆ ಹೋಗಬೇಕಿದ್ದರೆ ಎರಡು ಚುಕ್ಕಿ, ಒಂದು ಗೀಟು.

ಆ ಗೀಟು ಯಾವ ಕಡೆಗೆ ವಾಲಿದೆ ಎಂಬುದನ್ನೂ ನೋಡಿ. 1983ರ ಎಂಎಸ್-ಡಾಸ್ 2.0ರ ಕಾಲದಿಂದ ಮೈಕ್ರೋಸಾಫ್ಟ್ ಲೋಕದಲ್ಲಿ ಹಿಂದಕ್ಕೆ ವಾಲಿದ ಗೀಟು ಬಳಕೆಯಲ್ಲಿದೆ. ವೆಬ್ ವಿಳಾಸದಲ್ಲಿ ಬೇಕಾದದ್ದು ಮುಂದಕ್ಕೆ ವಾಲಿದ್ದು.

ಇನ್ನೊಂದು ತಾಪತ್ರಯ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳದ್ದು. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಭಾವಿಸುತ್ತವೆ, ಲಿನಕ್ಸ್ ಭಾವಿಸುವುದಿಲ್ಲ. ಅನೇಕ ಕ್ಯಾಮೆರಾಗಳು 'ಜೆಪಿಜಿ'ಯನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ನಾವು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೇವೆ. ಹಾಗಾಗಿ ಮನೆಯಲ್ಲಿ ಕಂಡ ಚಿತ್ರ ಲಿನಕ್ಸ್ ಸರ್ವರಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಕನ್ನಡದಲ್ಲೇ ಹೆಸರಿಟ್ಟರೆ? ಇಡಬಹುದು, ಆದರೆ ಅಲ್ಲೊಂದು ಸೂಕ್ಷ್ಮವಿದೆ. 'ಫೋಟೋ' ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಆ ಕಡತ ಲಿನಕ್ಸಿಗೆ ಹೋದರೆ ಪುಟದಲ್ಲಿರುವ ಹೆಸರು, ಫೋಲ್ಡರಿನಲ್ಲಿರುವ ಹೆಸರು ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕನ್ನಡದ ಮೇಲೆ ಅಭಿಮಾನವಿದ್ದರೂ ನಾವು ಕಡತದ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ ಇಡುತ್ತೇವೆ. ಕನ್ನಡವನ್ನು ಚಿತ್ರದ ಅಡಿಬರಹದಲ್ಲಿ, ಆಲ್ಟ್ ಪಠ್ಯದಲ್ಲಿ ಧಾರಾಳವಾಗಿ ಬರೆಯುತ್ತೇವೆ.

ಫೋಲ್ಡರ್ ಸಾಗಿಸುವ ಮೊದಲೇ ಪರೀಕ್ಷಿಸಲು ಅದನ್ನು ಬೇರೆ ಕಡೆ ಕಾಪಿ ಮಾಡಿ ತೆರೆದು ನೋಡಿದರೆ ಸಾಲದು. ಹಳೆಯ ಜಾಗದಲ್ಲಿ ಚಿತ್ರಗಳು ಇನ್ನೂ ಇರುವುದರಿಂದ ತಪ್ಪು ಪಾಥ್ ಕೂಡ ಕೆಲಸ ಮಾಡುತ್ತದೆ. ಮೂಲ ಫೋಲ್ಡರಿನ ಹೆಸರನ್ನೇ ಬದಲಾಯಿಸಿ, ಆಮೇಲೆ ಕಾಪಿಯನ್ನು ತೆರೆಯಿರಿ. ಕ್ರೋಮ್ ಅಥವಾ ಫೈರ್‌ಫಾಕ್ಸಿನಲ್ಲಿ ಎಫ್12 ಒತ್ತಿ 'ನೆಟ್‌ವರ್ಕ್' ಭಾಗಕ್ಕೆ ಹೋಗಿ ಪುಟವನ್ನು ರೀಲೋಡ್ ಮಾಡಿದರೆ ಯಾವ ಚಿತ್ರ ಸಿಗಲಿಲ್ಲ, ಅದನ್ನು ಎಲ್ಲಿ ಹುಡುಕಲಾಯಿತು ಎರಡೂ ಗೊತ್ತಾಗುತ್ತವೆ. ಹತ್ತಾರು ಪುಟಗಳಲ್ಲಿ ಒಂದೇ ತಪ್ಪಿದ್ದರೆ ಎಡಿಟರಿನ 'ಫೈಂಡ್ ಅಂಡ್ ರಿಪ್ಲೇಸ್' ಬಳಸಿ. ಹಿನ್ನೆಲೆ ಚಿತ್ರದ ಪಾಥ್ ಸಿಎಸ್‌ಎಸ್ ಕಡತದಲ್ಲಿದ್ದರೆ, ದಾರಿಯನ್ನು ಪುಟದಿಂದಲ್ಲ, ಆ ಸಿಎಸ್‌ಎಸ್ ಕಡತ ಇರುವಲ್ಲಿಂದ ಲೆಕ್ಕ ಹಾಕಬೇಕು.