ಹಳೆಯ ಕಂಬ, ಹೊಸ ಮನೆ

1974ರ ಭೂಸುಧಾರಣೆಯಿಂದ ಕನ್ನಡ ಕರಾವಳಿಯ ಒಕ್ಕಲುಗಳು ಭೂಮಿಗೆ ಒಡೆಯರಾದರು. ಇದು ನ್ಯಾಯವೇ ಆಗಿದ್ದಿತು. ಆದರೆ ಗೇಣಿಯ ಆದಾಯದಿಂದ ನಿಂತಿದ್ದ ದೊಡ್ಡ ಮನೆಗಳನೇಕವು ನಿರ್ವಹಣೆಯಿಲ್ಲದೆ ಶಿಥಿಲಗೊಂಡುವು. ಕೆತ್ತನೆಯ ಕಂಬ, ಬಾಗಿಲು, ಮುಚ್ಚಿಗೆಗಳು ಹಳೆಯ ಮರದ ಬೆಲೆಗೆ ಮಾರಿಹೋದುವು. ಬ್ಯಾಂಕಿನ ನೌಕರರಾಗಿದ್ದ ಮಣಿಪಾಲದ ವಿಜಯನಾಥ ಶೆಣೈಯವರು ಅಂತಹ ಅವಶೇಷಗಳನ್ನು ಸಂಗ್ರಹಿಸಿ, ಅವುಗಳಿಂದಲೇ ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ರೂಪಿಸಿದರು. ಮುಂದೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಪರಂಪರಾ ಗ್ರಾಮವೊಂದರಲ್ಲಿ ಮರುಜೋಡಿಸಿದರು. 2017ರಲ್ಲಿ ಅವರು ತೀರಿಕೊಂಡರೂ ಆ ಮನೆಗಳು ಉಳಿದಿವೆ.

ಗಡಿನಾಡಿನ ನಾವು ಇದರಿಂದ ಕಲಿಯಬೇಕಾದುದುಂಟು. ನಮ್ಮ ಅಟ್ಟದ ಮೇಲಿನ ಕಳಸೆ, ಮರಿಗೆಗಳನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳಿಗೆ ತೋರಿಸಿ ಹೆಸರು ಹೇಳಿಸೋಣ. ಚಾವಡಿಯಲ್ಲಿ ಅವಕ್ಕೊಂದು ಎಡೆಗೊಡೋಣ. ವಸ್ತು ಮರೆಯಾದಲ್ಲಿ ಅದರ ಮಾತೂ ಮರೆಯಾಗುವುದು.