ಯಂತ್ರಮಾನವ: ಕಥೆಯಲ್ಲಿ ಮತ್ತು ಬದುಕಿನಲ್ಲಿ

ಯಂತ್ರಮಾನವನೆಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವುದು ಲೋಹದ ಮೈ, ಮಿನುಗುವ ಕಣ್ಣು, ಏರಿಳಿತವಿಲ್ಲದ ದನಿ. ಈ ಚಿತ್ರವನ್ನು ನಮಗೆ ಕೊಟ್ಟದ್ದು ಸಾಹಿತ್ಯ ಮತ್ತು ಚಲನಚಿತ್ರಗಳು. ನಿಜಜೀವನದಲ್ಲಿ ದುಡಿಯುತ್ತಿರುವ ರೋಬೋಟುಗಳಲ್ಲಿ ಬಹುಪಾಲು ಮನುಷ್ಯನನ್ನು ಹೋಲುವುದೇ ಇಲ್ಲ. ಅವುಗಳ ಬೆಲೆಯನ್ನು ರೂಪದಿಂದಲ್ಲ, ಕೆಲಸದಿಂದ ಅಳೆಯಬೇಕಾಗಿದೆ.

ಪದದ ಹುಟ್ಟು

'ರೋಬೋಟ್' ಎಂಬ ಪದ ಜನಿಸಿದ್ದು ರಂಗಭೂಮಿಯಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕವು 1921ರಲ್ಲಿ ಪ್ರಾಗ್ ನಗರದಲ್ಲಿ ಪ್ರದರ್ಶನಗೊಂಡಿತು. ಪದವನ್ನು ಸೂಚಿಸಿದವರು ಅವರ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಒಡೆಯನಿಗಾಗಿ ಮಾಡುವ ಕಡ್ಡಾಯದ ದುಡಿಮೆ. ನಮ್ಮ ಹಳ್ಳಿಗಳು ಬಲ್ಲ 'ಬಿಟ್ಟಿ ಚಾಕರಿ'. ನಾಟಕದಲ್ಲಿ ಈ ಕೃತಕ ಆಳುಗಳು ಕೊನೆಗೆ ದಂಗೆಯೇಳುತ್ತವೆ.

ಈ ಭಯಕ್ಕೆ ಉತ್ತರವೆಂಬಂತೆ ಐಸಾಕ್ ಅಸಿಮೋವ್ 1942ರ ತಮ್ಮ ಕಥೆಯೊಂದರಲ್ಲಿ ಮೂರು ನಿಯಮಗಳನ್ನು ರೂಪಿಸಿದರು. ರೋಬೋಟು ಮನುಷ್ಯನಿಗೆ ಹಾನಿ ಮಾಡಬಾರದು, ಹಾನಿಯಾಗುವಾಗ ಸುಮ್ಮನಿರಲೂಬಾರದು ಎಂಬುದು ಮೊದಲನೆಯದು. ಆಜ್ಞಾಪಾಲನೆ ಮತ್ತು ಆತ್ಮರಕ್ಷಣೆ ಅನಂತರದವು. ಕನ್ನಡ ಚಿತ್ರರಂಗವೂ ಈ ವಸ್ತುವಿನಲ್ಲಿ ಹಿಂದೆ ಬೀಳಲಿಲ್ಲ. ದಿನೇಶ್ ಬಾಬು ನಿರ್ದೇಶಿಸಿದ 'ಹಾಲಿವುಡ್' ಚಿತ್ರದಲ್ಲಿ (2002) ಉಪೇಂದ್ರ ಅವರು ಯಂತ್ರಮಾನವನ ಪಾತ್ರವನ್ನೂ ನಿರ್ವಹಿಸಿದ್ದರು. ರಜನಿಕಾಂತ್ ಅವರ 'ಎಂದಿರನ್' ತೆರೆಕಂಡದ್ದು 2010ರಲ್ಲಿ.

ಕೈಯೊಂದೇ ಸಾಕು

ಕಾರ್ಖಾನೆಗೆ ಕಾಲಿಟ್ಟ ಮೊದಲ ರೋಬೋಟಿಗೆ ಮುಖವೂ ಇರಲಿಲ್ಲ, ಮಾತೂ ಇರಲಿಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಳವಡಿಸಲಾದ 'ಯುನಿಮೇಟ್' ಬರಿಯ ಒಂದು ಯಾಂತ್ರಿಕ ತೋಳು. ಅಚ್ಚಿನಿಂದ ಹೊರಬರುವ ಕಾದ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ.

ಇಂಥದೇ ಕೈಗಳು ನಮ್ಮ ನೆರೆಯಲ್ಲೂ ಇವೆ. ವಾಶಿಯಿಂದ ಕೊಲ್ಲಿಯ ಸೇತುವೆ ದಾಟಿದರೆ ಆಚೆ ದಡದಲ್ಲಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಅಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಗಳ ಕೋಣೆಯೊಳಗಿರಿಸಿ, ಹೊರಗೆ ನಿಂತ ತಂತ್ರಜ್ಞರು ಯಾಂತ್ರಿಕ ಕೈಗಳಿಂದ ನಿರ್ವಹಿಸುತ್ತಾರೆ. ಹೊರಗಿನ ಹಿಡಿಯನ್ನು ತಿರುಗಿಸಿದಂತೆ ಒಳಗಿನ ಕೈ ತಿರುಗುತ್ತದೆ. ಇದಕ್ಕೆ ಸ್ವಂತ ಬುದ್ಧಿಯಿಲ್ಲ. ಆದರೆ ಮನುಷ್ಯನ ಮೈಯನ್ನು ಅಪಾಯದಿಂದ ದೂರವಿರಿಸುತ್ತದೆ.

ಯಂತ್ರ ಸೋತಲ್ಲಿ ಏನಾಗುತ್ತದೆಂಬುದನ್ನು ಚೆರ್ನೋಬಿಲ್ ತೋರಿಸಿತು. 1986ರ ದುರಂತದ ಬಳಿಕ ಅಣುಸ್ಥಾವರದ ಛಾವಣಿಯ ಅವಶೇಷಗಳನ್ನು ತೆಗೆಯಲು ಕಳಿಸಿದ ರೋಬೋಟುಗಳು ವಿಕಿರಣದ ತೀವ್ರತೆಗೆ ಕೆಟ್ಟು ನಿಂತವು. ಆಗ ಮನುಷ್ಯರೇ ಸಲಿಕೆ ಹಿಡಿದು ಏರಬೇಕಾಯಿತು. ಅವರಿಗೆ 'ಜೈವಿಕ ರೋಬೋಟುಗಳು' ಎಂಬ ಹೆಸರು ಬಂತು.

ಸ್ವಾಗತಿಸುವ ಯಂತ್ರ

ನಾವು ಬ್ಯಾಂಕಿನವರಿಗೆ ರೋಬೋಟಿನ ಸುದ್ದಿ ಹೊಸದೇನಲ್ಲ. 2017ರಲ್ಲಿ ಎಚ್‌.ಡಿ.ಎಫ್‌.ಸಿ. ಬ್ಯಾಂಕು ಮುಂಬಯಿಯ ಲೋವರ್ ಪರೇಲ್‌ನಲ್ಲಿ 'ಇರಾ' ಎಂಬ ಯಂತ್ರವನ್ನೂ, ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕು ಬೆಂಗಳೂರಿನಲ್ಲಿ 'ಮಿತ್ರ' ಎಂಬ ಯಂತ್ರವನ್ನೂ ಗ್ರಾಹಕರ ಸ್ವಾಗತಕ್ಕೆ ನಿಲ್ಲಿಸಿದವು. ನೋಡಲು ಜನ ಸೇರಿದರು. ಆದರೆ ನಮ್ಮ ವೃತ್ತಿಯನ್ನು ನಿಜವಾಗಿ ಬದಲಿಸಿದ್ದು ಲೆಡ್ಜರುಗಳ ಜಾಗಕ್ಕೆ ಬಂದ ಗಣಕಯಂತ್ರ ಮತ್ತು ಗೋಡೆಗೆ ಅಂಟಿದ ಎ.ಟಿ.ಎಂ. ಅವುಗಳಿಗೆ ಯಾರೂ ಹೂಮಾಲೆ ಹಾಕಿ ಮಾತನಾಡಿಸಲಿಲ್ಲ.

ಇನ್ನೂ ಇಳಿಯುತ್ತಿರುವ ಮನುಷ್ಯ

ನಮ್ಮ ಊರುಗಳಿಗೆ ರೋಬೋಟು ಅತ್ಯಗತ್ಯವಾಗಿರುವ ಸ್ಥಳ ನೆಲದಡಿಯಲ್ಲಿದೆ. 2018ರ ನವೆಂಬರಿನಲ್ಲಿ ಕಲ್ಯಾಣ ಪೂರ್ವದಲ್ಲಿ ಬಾವಿಯೊಂದನ್ನು ಶುಚಿಗೊಳಿಸಲು ಇಳಿದವರೂ ಅವರನ್ನು ಉಳಿಸಲು ಇಳಿದವರೂ ಸೇರಿ ಐವರು ಪ್ರಾಣ ತೆತ್ತರು. ಅವರಲ್ಲಿ ಇಬ್ಬರು ಅಗ್ನಿಶಾಮಕ ದಳದವರು. ಮರುವರ್ಷ ಥಾಣೆಯ ಢೋಕಾಳಿಯಲ್ಲಿ ವಸತಿ ಸಂಕೀರ್ಣವೊಂದರ ಮಲಿನನೀರಿನ ಟ್ಯಾಂಕಿನಲ್ಲಿ ಮೂವರು ಕಾರ್ಮಿಕರು ಅಸುನೀಗಿದರು.

ಕೇರಳದ ಕೋಝಿಕೋಡಿನಲ್ಲಿ 2015ರಲ್ಲಿ ಇಂಥದೇ ದುರಂತ ನಡೆದಾಗ ಇಬ್ಬರು ಕಾರ್ಮಿಕರೊಂದಿಗೆ, ಅವರನ್ನು ಕಾಪಾಡಲು ಇಳಿದ ಆಟೋ ಚಾಲಕನೂ ಸತ್ತನು. ಆ ಘಟನೆಯಿಂದ ಪ್ರೇರಿತರಾದ ಯುವ ಎಂಜಿನಿಯರುಗಳ ಜೆನ್‌ರೋಬೋಟಿಕ್ಸ್ ಸಂಸ್ಥೆ ರಚಿಸಿದ 'ಬ್ಯಾಂಡಿಕೂಟ್' 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಹೆಗ್ಗಣದ ಹೆಸರಿನ ಈ ಯಂತ್ರ ಕಾಲುಗಳನ್ನು ಚಾಚಿ ಮ್ಯಾನ್‌ಹೋಲಿನೊಳಗೆ ಇಳಿಯುತ್ತದೆ, ಕ್ಯಾಮೆರಾದಿಂದ ನೋಡುತ್ತದೆ, ವಿಷಾನಿಲವನ್ನು ಗುರುತಿಸುತ್ತದೆ, ಕೆಸರನ್ನು ಬಕೆಟ್ಟಿನಲ್ಲಿ ಮೇಲಕ್ಕೆತ್ತುತ್ತದೆ. ಅದನ್ನು ನಡೆಸಲು ಪೌರಕಾರ್ಮಿಕರಿಗೇ ತರಬೇತಿ ನೀಡಲಾಯಿತು. ಯಂತ್ರ ಬಂದರೆ ಅನ್ನ ಹೋಗುತ್ತದೆಂಬ ಆತಂಕಕ್ಕೆ ಇದು ಮಾನವೀಯ ಪರಿಹಾರ.

ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರು ಮಲಹೊರುವ ಪದ್ಧತಿಯ ವಿರುದ್ಧ ದಶಕಗಳಿಂದ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯಿದೆಯ ಪ್ರಕಾರ ರಕ್ಷಣಾ ಸಾಧನ ಹಾಗೂ ಮುನ್ನೆಚ್ಚರಿಕೆಗಳಿಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಶೌಚಗುಂಡಿಗಾಗಲಿ ಇಳಿಸುವಂತಿಲ್ಲ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಈ ನಿಷೇಧ ನಗರಪಾಲಿಕೆಗೆ ಮಾತ್ರವಲ್ಲ, ಗುತ್ತಿಗೆದಾರರ ಮೂಲಕ ಕೆಲಸ ಮಾಡಿಸುವ ನಮ್ಮ ಹೌಸಿಂಗ್ ಸೊಸೈಟಿಗಳಿಗೂ ಅನ್ವಯಿಸುತ್ತದೆ.

ಇಸ್ರೋ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ 'ವ್ಯೋಮಮಿತ್ರ'ಳ ಉದ್ದೇಶವೂ ಇದೇ ತತ್ತ್ವದ್ದು: ಗಗನಯಾನದಲ್ಲಿ ಮನುಷ್ಯನಿಗಿಂತ ಮೊದಲು ಯಂತ್ರ ಹೋಗಿ ಅಪಾಯವನ್ನು ಅರಿಯಲಿ. ಬಾಹ್ಯಾಕಾಶಕ್ಕೆ ಒಪ್ಪುವ ಈ ವಿವೇಕ ನಮ್ಮ ಕಟ್ಟಡದ ಹಿಂಬದಿಯ ಗುಂಡಿಗೂ ಒಪ್ಪಬೇಕು. ಸೊಸೈಟಿಯ ಮುಂದಿನ ಸಭೆಯಲ್ಲಿ ಟ್ಯಾಂಕಿನ ಶುಚಿಕಾರ್ಯದ ವಿಷಯ ಬಂದಾಗ ದರ ಎಷ್ಟೆಂದು ಕೇಳುವ ಮೊದಲು, ಒಳಗೆ ಇಳಿಯುವುದು ಯಂತ್ರವೋ ಮನುಷ್ಯನೋ ಎಂದು ಕೇಳೋಣ.